ಏಕಾಂತಪ್ಪನವರ ಎರಡು ವರ್ಷದ ಬ್ಯಾಟರಿ

ಹೊಳಲ್ಕೆರೆಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಏಕಾಂತಪ್ಪನವರು ಐವತ್ತೆಂಟು ವರ್ಷ ಯಾರ ಬಾಯಿಗೂ ಬೀಳದೆ ಬದುಕಿದ್ದರು. ಆ ವರ್ಷ ಎದುರಿನ ಶಾಲೆಯ ವಾರ್ಷಿಕೋತ್ಸವಕ್ಕೆ ಬರಬೇಕಾಗಿದ್ದ ಮುಖ್ಯ ಅತಿಥಿಗಳು ಕೈಕೊಟ್ಟರು. ಹೆಡ್‌ಮಾಸ್ತರರು ರಸ್ತೆ ದಾಟಿ ಓಡಿಬಂದು, "ನೀವೇ ಬಂದು ಕುಂತ್ಕಳ್ರಿ ಏಕಾಂತಪ್ನೋರೆ, ಎರಡು ಮಾತಾಡಿದ್ರೆ ಸಾಕು" ಎಂದರು. ಏಕಾಂತಪ್ಪನವರು ಹುಬ್ಬಿನ ಮೇಲಿನ ಹಿಟ್ಟು ಕೊಡವಿಕೊಂಡು ವೇದಿಕೆ ಹತ್ತಿದರು.

ಎರಡು ಮಾತು ನಲವತ್ತು ನಿಮಿಷವಾಯಿತು. ಟಚ್ ಫೋನಿನಿಂದ ಮಕ್ಕಳು ಕೆಟ್ಟರು ಎಂದು ಶುರುವಾದ ಭಾಷಣ, ಹೆಂಗಸರು ಕೆಟ್ಟರು, ಗಂಡಸರು ಕೆಟ್ಟರು, ಜೋಳದ ರುಚಿ ಕೆಟ್ಟಿತು ಎಂದು ಮುಂದುವರಿಯಿತು. ಕೊನೆಗೆ ಆವೇಶ ಏರಿ, "ನಾನು ಈ ಟಚ್ ಫೋನನ್ನ ಕೈಯಲ್ಲಿ ಮುಟ್ಟಿದ ದಿವಸ ನನ್ನ ಏಕಾಂತಪ್ಪ ಅಂತ ಕರೀಬ್ಯಾಡ್ರಿ!" ಎಂದು ಮೇಜು ಗುದ್ದಿದರು. ಚಪ್ಪಾಳೆ ಬಹಳ ಹೊತ್ತು ಬಿತ್ತು. ಭಾಷಣ ಮುಗಿದ ಸಂತೋಷಕ್ಕೆ ಮಕ್ಕಳು ಹೊಡೆದ ಚಪ್ಪಾಳೆಯೂ ಅದರಲ್ಲಿ ಸೇರಿತ್ತು. ಏಕಾಂತಪ್ಪನವರು ಮಾತ್ರ ಪೂರ್ತಿ ಚಪ್ಪಾಳೆಯನ್ನು ತಮ್ಮ ಲೆಕ್ಕಕ್ಕೇ ತೆಗೆದುಕೊಂಡರು.

ಇಷ್ಟಾಗಿ ಮೂರು ತಿಂಗಳಿಗೆ ಅವರ ಎದೆಗೆ ಚುಚ್ಚುವಂಥ ಒಂದು ಘಟನೆ ನಡೆಯಿತು.

ಅವರ ಒಬ್ಬಳೇ ಮಗಳು ಕಾವ್ಯಳನ್ನು ಹೊಸದುರ್ಗಕ್ಕೆ ಕೊಟ್ಟಿತ್ತು. ಅವಳಿಗೆ ಹದಿನಾಲ್ಕು ತಿಂಗಳ ಕೂಸು, ಚಿನ್ನು. ಏಕಾಂತಪ್ಪನವರ ಮನೆಯಲ್ಲಿದ್ದದ್ದು ಒಂದೇ ಬಟನ್ ಫೋನು. ಹಾಗಾಗಿ ಕಾವ್ಯ ಪಕ್ಕದ ಮನೆಯ ಓಬಣ್ಣನವರ ಫೋನಿಗೆ ವೀಡಿಯೊ ಕರೆ ಮಾಡುತ್ತಿದ್ದಳು. ಓಬಣ್ಣ ನಿವೃತ್ತ ಬಸ್ ಕಂಡಕ್ಟರ್, ಪರೋಪಕಾರಿ. ಫೋನನ್ನು ತಮ್ಮ ಮುಖದ ಎದುರೇ ಹಿಡಿದುಕೊಂಡು, "ಬರ್ರಿ ಬರ್ರಿ, ಮೊಮ್ಮಗಳು ಬಂದವಳೆ" ಎಂದು ಕಾಂಪೌಂಡಿನ ಮೇಲಿಂದ ಕರೆಯುತ್ತಿದ್ದರು. ಏಕಾಂತಪ್ಪನವರೂ ಅವರ ಹೆಂಡತಿ ಅನ್ನಪೂರ್ಣಮ್ಮನವರೂ ಆ ಕಡೆ ಈ ಕಡೆಯಿಂದ ಕತ್ತು ತೂರಿಸಿ ನೋಡಬೇಕು. ಪರದೆಯ ಮೇಲೆ ಏಕಾಂತಪ್ಪನವರದು ಒಂದು ಕಿವಿ, ಅರ್ಧ ಮೀಸೆ ಇಷ್ಟೇ ಬೀಳುತ್ತಿತ್ತು.

ಒಂದು ಸಂಜೆ ಕಾವ್ಯ, "ಅಪ್ಪಾಜಿ, ಚಿನ್ನು ಮಾತಾಡ್ತಾಳೆ ಕೇಳ್ರಿ! ಎಲ್ಲಮ್ಮಾ ಅಜ್ಜ?" ಎಂದಳು. ಕೂಸು ಎರಡು ಹಲ್ಲು ಬಿಟ್ಟು ನಕ್ಕು, ಪರದೆಯ ನಡುಮಧ್ಯೆ ಬೆರಳಿಟ್ಟು, ಓಬಣ್ಣನವರಿಗೆ "ಅಜ್ಜ" ಎಂದಿತು.

ಓಬಣ್ಣ ಸಂತೋಷದಿಂದ "ಓ" ಎಂದರು. ಏಕಾಂತಪ್ಪನವರು ನೆಟ್ಟಗೆ ಗಿರಣಿಗೆ ಹೋಗಿ, ಬೀಸಿದ ಗೋಧಿಯನ್ನೇ ಇನ್ನೊಮ್ಮೆ ಬೀಸಿದರು.

ಮಾರನೆಯ ಸೋಮವಾರ ಹೆಂಡತಿಗೆ "ಗಿರಣಿಗೆ ಬೆಲ್ಟ್ ತರ್ಬೇಕು" ಎಂದು ಹೇಳಿ ಚಿತ್ರದುರ್ಗದ ಬಸ್ಸು ಹತ್ತಿದರು. ಹೊಳಲ್ಕೆರೆಯಲ್ಲಿ ಫೋನಿನ ಅಂಗಡಿ ಇಲ್ಲವೆಂದಲ್ಲ. ಆದರೆ ಅಲ್ಲಿಯ ಅಂಗಡಿಯವರೆಲ್ಲ ಭಾಷಣ ಕೇಳಿದವರು.

ದುರ್ಗದ ಅಂಗಡಿಯಲ್ಲಿ ಬೃಂದಾ ಎಂಬ ಹೆಣ್ಣುಮಗಳು ವ್ಯಾಪಾರಕ್ಕಿದ್ದಳು. ಬಹಳ ತಾಳ್ಮೆಯವಳು. ತಾಳ್ಮೆಯ ಅಗತ್ಯ ಎಷ್ಟು ಬೀಳಲಿದೆ ಎಂಬುದು ಆಗ ಅವಳಿಗೆ ಗೊತ್ತಿರಲಿಲ್ಲ.

"ಸರ್, ರ‍್ಯಾಮ್ ನಾಲ್ಕು ಜಿಬಿ ಸಾಕಾ, ಎಂಟು ಬೇಕಾ?"

"ಎಷ್ಟಿದ್ರೆ ಮೊಮ್ಮಗಳ ಮುಖ ಕಾಣುತ್ತೆ?"

"ನಾಲ್ಕಿದ್ರೂ ಕಾಣುತ್ತೆ ಸರ್."

"ಪೂರ್ತಿ ಮುಖಾನಾ?"

ಅವಳು ಎರಡು ಫೋನು ತೆಗೆದು ಇಟ್ಟಳು. ಒಂದು ಎಂಟು ಸಾವಿರದ್ದು. ಎರಡು ವರ್ಷಕ್ಕೆ ಮೋಸವಿಲ್ಲ, ಆಮೇಲೆ ಬ್ಯಾಟರಿ ಸೋಲುತ್ತದೆ, ನಿಧಾನವಾಗುತ್ತದೆ. ಇನ್ನೊಂದು ಹನ್ನೆರಡು ಸಾವಿರದ್ದು. ನಾಲ್ಕು ವರ್ಷ ಬರುತ್ತದೆ, ಬೆರಳಿಟ್ಟರೆ ತೆರೆದುಕೊಳ್ಳುತ್ತದೆ. ಏಕಾಂತಪ್ಪನವರು ಹೆಗಲ ಮೇಲಿನ ಟವಲ್ಲನ್ನು ಕೈಗೆ ಸುತ್ತಿಕೊಂಡು ಎರಡನ್ನೂ ಎತ್ತಿ ನೋಡಿದರು. ಟವಲ್ ಯಾಕೆಂದು ಬೃಂದಾ ಕೇಳಿದಳು. "ಕೈಯಲ್ಲಿ ಮುಟ್ಟಂಗಿಲ್ಲ, ಮಾತು ಕೊಟ್ಟೀನಿ" ಎಂದರು.

"ಯೋಚನೆ ಮಾಡಿ ಬರ್ತೀನಿ ಮೇಡಂ" ಎಂದು, ಅವಳ ನಂಬರನ್ನು ಬರೆಸಿಕೊಂಡು, ಸಾಕ್ಷಿಗೆ ಒಂದು ಬೆಲ್ಟ್ ಕೊಂಡು ಊರಿಗೆ ಬಂದರು. ಯೋಚನೆ ಮುಗಿಯಲಿಲ್ಲ. ಮುಂದಿನ ಸೋಮವಾರ ಮತ್ತೆ ಹೋದರು. ಅದರ ಮುಂದಿನ ಸೋಮವಾರವೂ ಹೋದರು. ಗಿರಣಿಗೆ ಬೇಕಾದದ್ದು ಒಂದು ಬೆಲ್ಟ್. ಮನೆಯಲ್ಲೀಗ ಮೂರಿದ್ದವು.

ಗುರುವಾರ ಇನ್ನು ತಡೆಯಲಾಗದೆ ಬೃಂದಾಳಿಗೆ ಫೋನ್ ಮಾಡಿ ತೀರ್ಮಾನ ಮಾಡಿಯೇಬಿಡುವುದೆಂದುಕೊಂಡರು. ಗಿರಣಿ ಓಡುವಾಗ ಹಿಂದಿನ ಶೆಡ್ಡಿನಲ್ಲಿ ನಿಂತು ಮಾತಾಡಿದರೆ ಯಾರಿಗೂ ಕೇಳಿಸುವುದಿಲ್ಲ ಎಂಬುದು ಅವರ ಎಣಿಕೆ. ಒಂದು ಕಿವಿಗೆ ಫೋನು, ಇನ್ನೊಂದು ಕಿವಿಗೆ ಬೆರಳು ಇಟ್ಟುಕೊಂಡು, ಗಿರಣಿಯ ಸದ್ದನ್ನು ಮೀರುವಂತೆ ಕೂಗಲಾರಂಭಿಸಿದರು. ಮುಂದುಗಡೆ ಮುದ್ದಕ್ಕ ಎಂಬ ನೆರೆಯ ಹೆಂಗಸು ರಾಗಿ ಡಬ್ಬಿ ಇಟ್ಟುಕೊಂಡು ಕಾಯುತ್ತಿದ್ದರು.

ಅಷ್ಟರಲ್ಲಿ ಕರೆಂಟ್ ಹೋಯಿತು. ಗಿರಣಿ ನಿಂತಿತು. ಕಿವಿಗೆ ಬೆರಳಿಟ್ಟಿದ್ದ ಏಕಾಂತಪ್ಪನವರಿಗೆ ಅದು ಗೊತ್ತಾಗಲಿಲ್ಲ. ಬೀದಿಗೆಲ್ಲ ಕೇಳುವಂತೆ ಅವರ ದನಿ ಮೊಳಗಿತು.

"ಎರಡೇ ವರ್ಷಾನಾ ಮೇಡಂ?"

ಮುದ್ದಕ್ಕ ಕಿವಿ ನೆಟ್ಟಗೆ ಮಾಡಿದರು.

"ಆಮೇಲೆ ಒಂದೊಂದೇ ಕೆಲಸ ನಿಲ್ಸುತ್ತಾ? ... ಬ್ಯಾಟ್ರಿ ಬದಲಾಯ್ಸಕ್ಕೆ ಬರಲ್ವಾ? ಒಳಗೇ ಕೂರ‍್ಸಿರ‍್ತಾರಾ? ... ನಾಲ್ಕು ವರ್ಷದ್ದು ಆದ್ರೆ ದುಡ್ಡು ಜಾಸ್ತಿ ಅಂತೀರ. ಬ್ಯಾಡ ಬಿಡ್ರಿ ಮೇಡಂ. ನನ್ನಂಥೋನಿಗೆ ಎರಡು ವರ್ಷ ಸಾಕು. ಅಷ್ಟು ದಿನ ಮೊಮ್ಮಗಳ ಮುಖ ನೋಡಿದ್ರೆ ನಂಗೆ ಅಷ್ಟೇ ಸಾಕು. ... ಇಲ್ಲ ಇಲ್ಲ, ಮನೇಲಿ ಹೇಳಿಲ್ಲ. ಆದ್ಮೇಲೆ ತಾನಾಗೇ ಗೊತ್ತಾಗುತ್ತೆ."

ಮುದ್ದಕ್ಕ ರಾಗಿ ಡಬ್ಬಿ ಅಲ್ಲೇ ಬಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೆಟ್ಟಗೆ ಓಬಣ್ಣನವರ ಮನೆಗೆ ಓಡಿದರು. ಓಬಣ್ಣ ಮೂವತ್ತು ವರ್ಷ ದಾವಣಗೆರೆಯ ಆಸ್ಪತ್ರೆಗಳಿಗೆ ಹೋಗುವ ರೋಗಿಗಳಿಗೆ ಟಿಕೆಟ್ ಹರಿದು ಕೊಟ್ಟವರಾದ್ದರಿಂದ ವೈದ್ಯಶಾಸ್ತ್ರ ಅವರಿಗೆ ತಾನಾಗಿಯೇ ಒಲಿದಿತ್ತು. ಪೂರ್ತಿ ಕೇಳಿ, ಕಣ್ಣು ಮುಚ್ಚಿ, ರೋಗ ಪತ್ತೆ ಹಚ್ಚಿದರು.

"ಹಾರ್ಟು. ಎದೆ ವೀಕಾದೋರಿಗೆ ಒಳಗೆ ಬ್ಯಾಟ್ರಿ ಕೂರ‍್ಸ್ತಾರೆ. ಎರಡು ವರ್ಷದ್ದೂ ಐತೆ, ನಾಲ್ಕು ವರ್ಷದ್ದೂ ಐತೆ. ದುಡ್ಡು ಉಳ್ಸಾಕೆ ಈ ಪುಣ್ಯಾತ್ಮ ಎರಡು ವರ್ಷದ್ದು ಹಾಕಿಸ್ಕಂತವ್ನೆ!"

"ಅದಕ್ಕೇ ಸೋಮವಾರ ಸೋಮವಾರ ದುರ್ಗಕ್ಕೆ ಹೋಗೋದು!" ಎಂದು ಮುದ್ದಕ್ಕ ಎದೆ ಬಡಿದುಕೊಂಡರು. "ಬೆಲ್ಟು ಬೆಲ್ಟು ಅಂತಿದ್ರಲ್ಲಾ, ಅದು ಎದೆಗೆ ಕಟ್ಟೋ ಬೆಲ್ಟೇ ಇರ್ಬೇಕು!"

ಇಬ್ಬರೂ ಹೋಗಿ ಅನ್ನಪೂರ್ಣಮ್ಮನವರಿಗೆ ಮೆಲ್ಲಗೆ ತಿಳಿಸಿದರು. ಗಂಡನ ಮುಂದೆ ಬಾಯಿ ಬಿಡಬಾರದು, ವಿಷಯ ಗೊತ್ತಾಗಿದೆಯೆಂದು ತಿಳಿದರೆ ರೋಗಿ ಧೈರ್ಯಗೆಡುತ್ತಾನೆ ಎಂದು ಓಬಣ್ಣ ಕಟ್ಟಪ್ಪಣೆ ಮಾಡಿದರು. ಅನ್ನಪೂರ್ಣಮ್ಮ ಮನೆಯಲ್ಲಿದ್ದ ಮೂರು ಬೆಲ್ಟುಗಳನ್ನು ಒಮ್ಮೆ ನೋಡಿ, ಅಲ್ಲೇ ಗೋಡೆಗೊರಗಿ ಕುಳಿತುಬಿಟ್ಟರು.

ಶುಕ್ರವಾರದಿಂದ ಏಕಾಂತಪ್ಪನವರ ಸುತ್ತಲಿನ ಪ್ರಪಂಚ ಬದಲಾಯಿತು. ಬೆಳಿಗ್ಗೆ ರೊಟ್ಟಿಯ ಬದಲು ಉಪ್ಪಿಲ್ಲದ ಗಂಜಿ ಬಂತು. ಹೆಂಡತಿಯ ಕಣ್ಣು ಕೆಂಪಾಗಿತ್ತು. ಯಾಕೆಂದರೆ ಈರುಳ್ಳಿ ಹೆಚ್ಚುತ್ತಿದ್ದೆ ಎಂದರು. ಗಂಜಿಗೆ ಈರುಳ್ಳಿ ಯಾಕೆ ಎಂದು ಕೇಳುವ ಧೈರ್ಯ ಅವರಿಗಾಗಲಿಲ್ಲ. ಗಿರಣಿಯಲ್ಲಿ, ಹಿಟ್ಟು ಕಮ್ಮಿ ಬಂತು ಎಂದು ಇಪ್ಪತ್ತು ವರ್ಷದಿಂದ ಜಗಳವಾಡುತ್ತಿದ್ದ ಗಿರಾಕಿಗಳು "ಇರ್ಲಿ ಬಿಡಣ್ಣ, ನಿನಗಿಂತ ಹಿಟ್ಟು ಹೆಚ್ಚಾ" ಎಂದು ಕಣ್ಣು ಒರೆಸಿಕೊಂಡರು. ಜೋಳದ ಮೂಟೆ ಎತ್ತಲು ಹೋದರೆ ನಾಲ್ಕು ಜನ ಓಡಿಬಂದು ಕಿತ್ತುಕೊಂಡರು.

ಫೋನಿನ ಗುಟ್ಟು ರಟ್ಟಾಗಿದೆ ಎಂದು ಏಕಾಂತಪ್ಪನವರಿಗೆ ಖಾತ್ರಿಯಾಯಿತು. ಭಾಷಣ ಮಾಡಿದವನು ಯಾರಿಗೂ ಗೊತ್ತಾಗದಂತೆ ಫೋನು ಕೊಳ್ಳುತ್ತಾನೆಂದು ಊರೇ ಸೇರಿ ಹಂಗಿಸುತ್ತಿದೆ ಎಂದುಕೊಂಡರು.

ಸಂಜೆ ಓಬಣ್ಣ ಬಂದು ಹೆಗಲ ಮೇಲೆ ಕೈ ಹಾಕಿದರು. "ಏಕಾಂತಣ್ಣ, ನಮಗೆ ಎಲ್ಲಾ ಗೊತ್ತಾಗೈತೆ. ಮುಚ್ಚಿಡಬ್ಯಾಡ."

ಏಕಾಂತಪ್ಪನವರು ತಲೆ ತಗ್ಗಿಸಿದರು. "ಗೊತ್ತಾಯ್ತಾ? ಏನ್ ಮಾಡಾದು ಓಬಣ್ಣ. ಆಸೆ."

"ಆಸೆ ಯಾರಿಗಿರಲ್ಲ? ಆದ್ರೆ ಇದು ನಾಚ್ಕೆ ಪಡೋ ವಿಷಯ ಅಲ್ಲ. ಎಲ್ಲರಿಗೂ ಒಂದು ದಿವಸ ಬರೋದೇ."

"ಎಲ್ಲರಿಗೂ ಬಂದಾಗೈತಲ್ಲಪ್ಪ. ಈ ಬೀದೀಲಿ ನಾನೇ ಕಡೇನೋನು."

ಓಬಣ್ಣನವರಿಗೆ ಈ ಮಾತು ಅರ್ಥವಾಗಲಿಲ್ಲ. ಕೊನೆಗಾಲದಲ್ಲಿ ವೇದಾಂತ ಬರುತ್ತದೆ ಎಂದುಕೊಂಡು ಹೆಗಲನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದರು. "ನಾಲ್ಕು ವರ್ಷದ್ದೇ ಹಾಕ್ಸಪ್ಪ. ದುಡ್ಡಿನ ಮುಖ ನೋಡಬ್ಯಾಡ."

"ಎರಡು ವರ್ಷ ನೋಡಾಣ. ಮುಗುದ್ರೆ ಎಸೆದು ಹೊಸದು ತರಾದು."

ಓಬಣ್ಣ ಗಾಬರಿಯಿಂದ ಮನೆಗೆ ಹೋಗಿ ಆ ರಾತ್ರಿ ಊಟ ಬಿಟ್ಟರು.

ಶನಿವಾರ ಕಂದಾಯ ಇಲಾಖೆಯ ಶ್ರೀನಿವಾಸ್ ಜೋಳ ಬೀಸಿಸಲು ಬಂದರು. ಸರ್ಕಾರಿ ನೌಕರರಾದ್ದರಿಂದ ದುಃಖದಲ್ಲೂ ಅವರಿಗೆ ಕಾಗದಪತ್ರದ ನೆನಪೇ ಮೊದಲು. "ಏಕಾಂತಪ್ನೋರೆ, ತಪ್ಪು ತಿಳೀಬ್ಯಾಡ್ರಿ. ಎಲ್ಲಾ ಅಮ್ಮಾರ ಹೆಸರಿಗೇ ಮಾಡಿಸಿಬಿಡ್ರಿ. ನಿಮ್ಮ ನಂತರ ಅವರೇ ಅಲ್ವಾ ಅನುಭೋಗಿಸೋದು."

"ನನ್ನ ನಂತರ ಯಾಕೆ ಸಾರ್? ನಾನು ಗಿರಣೀಲಿದ್ದಾಗ ಅವಳೇ ಇಟ್ಕಂಡಿರ್ಲಿ."

"ಅದು ಸರಿ. ಆದ್ರೆ ಈಗ ನೀವೇ ಬಂದು ಒಂದು ಬೆರಳಿಟ್ರೆ ಕೆಲಸ ಮುಗೀತು. ಆಮೇಲೆ ನಿಮ್ಮ ಬೆರಳು ಬೇಕು ಅಂದ್ರೆ ನಾವೆಲ್ಲಿಂದ ತರಾಣ?"

"ಬೆರಳಿಂದು ರೇಟ್ ಜಾಸ್ತಿ ಸಾರ್. ನಂದು ಬೆರಳಿಲ್ಲದ್ದು."

ಶ್ರೀನಿವಾಸ್ ಏಕಾಂತಪ್ಪನವರ ಎರಡೂ ಕೈ ನೋಡಿದರು. ಹತ್ತು ಬೆರಳೂ ಇದ್ದವು. ರೋಗ ತಲೆಗೆ ಏರಿದೆ ಎಂದು ತಿಳಿದು, ಹಿಟ್ಟನ್ನೂ ತೆಗೆದುಕೊಳ್ಳದೆ ಹೊರಟುಹೋದರು.

ಭಾನುವಾರ ಹತ್ತು ಗಂಟೆಗೆ ಮನೆಯ ಮುಂದೆ ಬಾಡಿಗೆ ಕಾರೊಂದು ನಿಂತಿತು. ಮೊದಲು ಇಳಿದವಳು ಕಾವ್ಯ, ಕಂಕುಳಲ್ಲಿ ಕೂಸು. ಅವಳ ಹಿಂದೆ ಇಳಿದವರನ್ನು ನೋಡಿ ಏಕಾಂತಪ್ಪನವರು ಎದ್ದು ನಿಂತುಬಿಟ್ಟರು. ಅವರ ಅಣ್ಣ ಮುರುಗಪ್ಪ. ಹೊಸದುರ್ಗದ ಹತ್ತಿರ ತೆಂಗಿನ ತೋಟ ಮಾಡಿಕೊಂಡಿದ್ದವರು. ಆರು ವರ್ಷದ ಹಿಂದೆ ಅವರ ಮಗನ ಮದುವೆಯ ಕಾರ್ಡಿನಲ್ಲಿ, ಸುಖಾಗಮನ ಬಯಸುವವರ ಸಾಲಿನಲ್ಲಿ, ಏಕಾಂತಪ್ಪನ ಹೆಸರನ್ನು ಅಣ್ಣನ ಭಾವಮೈದುನನ ಹೆಸರಿಗಿಂತ ಕೆಳಗೆ ಹಾಕಿಸಿದ್ದರು. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ.

ಮುರುಗಪ್ಪನವರ ಕೈಯಲ್ಲಿ ಹಾಲುರಾಮೇಶ್ವರದ ತೀರ್ಥದ ಸೀಸೆ ಇತ್ತು. ಕಣ್ಣಲ್ಲಿ ನೀರಿತ್ತು.

"ಲೇ ಏಕಾಂತ! ನನಗೊಂದು ಮಾತು ಹೇಳ್ಬಾರ್ದಾಗಿತ್ತೇನೋ?"

"ನಿನಗೂ ಗೊತ್ತಾಯ್ತಾ ಅಣ್ಣ?" ಎಂದರು ಏಕಾಂತಪ್ಪ. ಹೊಸದುರ್ಗದವರೆಗೂ ಸುದ್ದಿ ಹೋಗಿದೆಯೆಂದರೆ ಇನ್ನು ತಾಲ್ಲೂಕಿನಲ್ಲಿ ತಲೆಯೆತ್ತುವಂತಿಲ್ಲ.

"ಆ ಹಾಳು ಕಾರ್ಡ್ ಹಿಡ್ಕಂಡು ಆರು ವರ್ಷ ಕಳೆದ್ವಲ್ಲೋ! ಬೇಕಾದ್ರೆ ಮತ್ತೆ ಹೊಡಿಸ್ತೀನಿ, ನಿನ್ನ ಹೆಸರೇ ಮೊದ್ಲು ಹಾಕಿಸ್ತೀನಿ!" ಎಂದು ಮುರುಗಪ್ಪ ತಮ್ಮನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತರು. ಆ ಮಗನಿಗೆ ಈಗ ಇಬ್ಬರು ಮಕ್ಕಳಿದ್ದರೂ ಅವರು ಮನಃಪೂರ್ವಕವಾಗಿಯೇ ಹೇಳಿದರು. ಏಕಾಂತಪ್ಪನವರು ಅಣ್ಣನ ಬೆನ್ನು ತಟ್ಟಿದರು. ಒಂದು ಫೋನಿಗೋಸ್ಕರ ಅಣ್ಣ ಇಷ್ಟು ಕರಗುತ್ತಾನೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ.

ಅಷ್ಟರಲ್ಲಿ ಬೀದಿಯವರೆಲ್ಲ ಹಣ್ಣು ಹಿಡಿದು ಒಳಗೆ ಬಂದರು. ಮುದ್ದಕ್ಕ ಮೂಸಂಬಿ ತಂದಿದ್ದರು, ಓಬಣ್ಣ ಒಂದು ಗೊನೆ ಎಳನೀರನ್ನೇ ಹೊತ್ತು ತಂದಿದ್ದರು. ಅನ್ನಪೂರ್ಣಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾವ್ಯಳ ಕೈ ಹಿಡಿದುಕೊಂಡಿದ್ದರು. ಕಾವ್ಯ ಮೂಗು ಒರೆಸಿಕೊಳ್ಳುತ್ತಿದ್ದಳು.

ಮುರುಗಪ್ಪ ಕಣ್ಣೊರೆಸಿಕೊಂಡು ಎಲ್ಲರೂ ಕೇಳುವಂತೆ ಹೇಳಿದರು. "ನೋಡ್ರಪ್ಪ, ನಾನು ತೀರ್ಮಾನ ಮಾಡೀನಿ. ನನ್ನ ಎರಡೆಕರೆ ತೆಂಗಿನ ತೋಟ ಮಾರ್ತೀನಿ. ಇವನಿಗೆ ನಾಲ್ಕು ವರ್ಷದ್ದೇ ಹಾಕಿಸ್ತೀನಿ!"

ಏಕಾಂತಪ್ಪನವರು ಬೆಚ್ಚಿಬಿದ್ದರು. "ಅಣ್ಣ, ನಿನಗೇನು ತಲೆ ಕೆಟ್ಟೈತಾ? ನಾಲ್ಕು ವರ್ಷದ್ದು ಹನ್ನೆರಡು ಸಾವಿರ ಅಷ್ಟೇ. ಕವರ್ರೂ ಗ್ಲಾಸೂ ಪುಕ್ಕಟೆ ಕೊಡ್ತಾರೆ. ಅದಕ್ಯಾಕೆ ತೋಟ ಮಾರ್ತೀಯ?"

ಹಣ್ಣು ಹಿಡಿದು ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಎದೆಗೆ ಗ್ಲಾಸ್ ಯಾಕೆ?" ಎಂದು ಮುದ್ದಕ್ಕ ಪಿಸುಗುಟ್ಟಿದರು.

"ಎದೇಗಲ್ಲಮ್ಮ, ಫೋನಿಗೆ."

"ಯಾವ ಫೋನು?" ಎಂದರು ಓಬಣ್ಣ.

"ಇನ್ಯಾವ ಫೋನು? ಎಲ್ಲಾ ಗೊತ್ತಾಗೈತೆ ಅಂದ್ಯಲ್ಲ! ಟಚ್ ಫೋನು. ಭಾಷಣ ಮಾಡ್ದೋನು, ಹೆಂಗೆ ತಗಳಾದು ಅಂತ ನಾಚ್ಕೆ ಆಗಿ ದುರ್ಗಕ್ಕೆ ಹೋಗಿದ್ದು ಹೌದು. ನಂದೇ ತಪ್ಪು. ಆದ್ರೆ ಏನ್ ಮಾಡ್ಲಿ? ನನ್ನ ಮೊಮ್ಮಗಳು ನಿನಗೆ ಅಜ್ಜ ಅಂತಾಳೆ ಓಬಣ್ಣ! ನನ್ನ ಕಿವಿ ಬಿಟ್ಟರೆ ಬೇರೇನೂ ನೋಡಿಲ್ಲ ಆ ಕೂಸು!"

ಓಬಣ್ಣನವರ ಬಾಯಿ ತೆರೆದಿತ್ತು. ಎಳನೀರಿನ ಗೊನೆ ಕೈಯಿಂದ ಜಾರಿ ಅವರದೇ ಕಾಲಿನ ಮೇಲೆ ಬಿತ್ತು. ಆದರೂ ಕೂಗಿಕೊಳ್ಳಲಿಲ್ಲ.

ಅನ್ನಪೂರ್ಣಮ್ಮ ಮೆಲ್ಲಗೆ ಮುಂದೆ ಬಂದರು. "ಏನ್ರಿ, ಎರಡು ವರ್ಷ ಅಂದಿದ್ದು ಫೋನಿಗಾ?"

"ಫೋನಿಗೆ."

"ನಿಮಗಲ್ವಾ?"

"ನಂಗ್ಯಾಕೆ? ನಂಗೇನಾಗೈತೆ? ಮೂರು ದಿವಸದಿಂದ ಆ ಗಂಜಿ ಕುಡಿದು ಸುಸ್ತಾಗಿರೋದು ಬಿಟ್ರೆ ಗುಂಡುಕಲ್ಲಂಗಿದೀನಿ."

ಅನ್ನಪೂರ್ಣಮ್ಮ ಅವರ ಎದೆಯ ಮೇಲೆ ಅಂಗೈ ಇಟ್ಟು ನೋಡಿದರು. ಅದು ಸರಿಯಾಗಿ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಅದೇ ಕೈಯಿಂದ ಅವರ ಭುಜಕ್ಕೆ ಎರಡೇಟು ಕೊಟ್ಟು, ಅಲ್ಲೇ ನಿಂತು ಜೋರಾಗಿ ಅತ್ತರು. ಮೂರು ದಿನದಿಂದ ಈರುಳ್ಳಿಯ ನೆಪ ಹೇಳಿದವರಿಗೆ ಈಗ ನೆಪ ಬೇಕಿರಲಿಲ್ಲ.

ಮುರುಗಪ್ಪ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕುಳಿತರು. "ನಿನಗೇನೂ ಆಗಿಲ್ವಾ?" ಎಂದು ಗದರಿದರು. "ಸಾವಿರದೈನೂರು ಕೊಟ್ಟು ಕಾರ್ ಮಾಡ್ಕಂಡು ಬಂದೀನಿ, ನಿನಗೇನೂ ಆಗಿಲ್ವಾ?" ಎಂದವರೇ ಮೂಟೆ ಅಲ್ಲಾಡುವ ಹಾಗೆ ನಗಲು ಶುರುಮಾಡಿದರು. ಹಿಟ್ಟು ಮೇಲೆದ್ದು ಅವರ ಮುಖವೆಲ್ಲ ಬೆಳ್ಳಗಾಯಿತು. ಅದನ್ನು ನೋಡಿ ಕೂಸು ನಕ್ಕಿತು. ಕೂಸು ನಕ್ಕಿದ್ದಕ್ಕೆ ಬೀದಿಯೇ ನಕ್ಕಿತು.

"ನಾನು ಕೇಳಿದ್ದು ಕೇಳ್ದಂಗೇ ಹೇಳೀನಿ, ಒಂದಕ್ಷರ ಸೇರಿಸಿಲ್ಲ" ಎಂದು ಮುದ್ದಕ್ಕ ಎಲ್ಲರೆದುರು ಪ್ರಮಾಣ ಮಾಡಿದರು. ಅದು ನಿಜವೇ ಆಗಿತ್ತು. ಬ್ಯಾಟರಿಯನ್ನು ಎದೆಯೊಳಕ್ಕೆ ಸೇರಿಸಿದವರು ಓಬಣ್ಣ. ಹೋಗುವಾಗ ಮುದ್ದಕ್ಕ, "ಹೆಂಗೂ ಆರೋಗ್ಯವಾಗವ್ರಲ್ಲ" ಎಂದು ಮೂಸಂಬಿಯ ಚೀಲದ ಕಡೆ ಕೈ ಚಾಚಿದರು. ಆದರೆ ಅಷ್ಟರಲ್ಲಿ ಕಾವ್ಯ ಅದನ್ನೆಲ್ಲ ಸುಲಿದು ಬಂದವರಿಗೆ ಹಂಚಿಯಾಗಿತ್ತು.

ಮಧ್ಯಾಹ್ನ ರೊಟ್ಟಿ, ಎಣ್ಣೆಗಾಯಿ, ಹುರುಳಿಕಾಳಿನ ಸಾರು ಮಾಡಿ ಎಲ್ಲರಿಗೂ ಬಡಿಸುತ್ತ ಅನ್ನಪೂರ್ಣಮ್ಮ ಫೋನಿನ ವಿಚಾರವನ್ನು ಮುಗಿಸಿಯೇಬಿಟ್ಟರು. "ನಾಲ್ಕು ವರ್ಷದ್ದೇ ತಗಳ್ರಿ. ಎರಡು ವರ್ಷ ಅನ್ನೋ ಮಾತು ಇನ್ನು ಈ ಮನೇಲಿ ಕೇಳ್ಬಾರ್ದು. ಭಾಷಣ ಮಾಡಿದ್ದು ನೀವು, ನಾನಲ್ಲ. ಫೋನು ನಂದು. ನಿಮ್ಮ ಮುಖಕ್ಕೆ ನಾನು ಹಿಡೀತೀನಿ."

"ಅತ್ತಿಗೆಮ್ಮ ಕೊಡೋ ತೀರ್ಪು ಯಾವ ಕೋರ್ಟಲ್ಲೂ ಸಿಗಲ್ಲ" ಎಂದು ಓಬಣ್ಣ ಕಾಲಿಗೆ ಅರಿಶಿನ ಹಚ್ಚಿಕೊಳ್ಳುತ್ತ ಅನುಮೋದಿಸಿದರು.

ಸೋಮವಾರ ಗಂಡ ಹೆಂಡತಿ ಇಬ್ಬರೇ ದುರ್ಗಕ್ಕೆ ಹೋದರು. ಏಕಾಂತಪ್ಪನವರು ಬಾಗಿಲಲ್ಲಿ ಕಾಣುತ್ತಲೇ ಬೃಂದಾ ಎರಡೂ ಫೋನು ತೆಗೆದಿಡಲು ಹೋದಳು. ಅನ್ನಪೂರ್ಣಮ್ಮ ನೇರವಾಗಿ ಹನ್ನೆರಡು ಸಾವಿರದ್ದನ್ನು ತೋರಿಸಿ, "ಇದು. ಕಟ್ಟಮ್ಮ" ಎಂದರು. ಮೂರು ಸೋಮವಾರ ಆಗದೇ ಇದ್ದ ವ್ಯಾಪಾರ ಮೂರು ನಿಮಿಷದಲ್ಲಿ ಮುಗಿಯಿತು. ಬೃಂದಾ ಸಿಮ್ ಹಾಕಿ, ಕಾವ್ಯಳ ನಂಬರಿಗೆ ಒಂದು ಕರೆ ಹೋಗುತ್ತದೆಯೇ ನೋಡಿ, ಅವರು ಮತ್ತೆ ಬರುವುದಿಲ್ಲ ಎಂಬ ನೆಮ್ಮದಿಯಿಂದ ಕೈ ಮುಗಿದಳು.

ವಾಪಸು ಬಸ್ಸಿನಲ್ಲಿ ಅನ್ನಪೂರ್ಣಮ್ಮನವರಿಗೆ ಕಿಟಕಿ ಪಕ್ಕ ಸೀಟು ಸಿಕ್ಕಿತು. ಡಬ್ಬಿಯನ್ನು ಮಡಿಲಲ್ಲಿ ಎರಡೂ ಕೈಯಲ್ಲಿ ಹಿಡಿದು ಕುಳಿತರು. ಬಸ್ಸು ಊರು ದಾಟಿ ಕೋಟೆಯ ಬೆಟ್ಟ ಹಿಂದೆ ಸರಿಯುವಷ್ಟರಲ್ಲಿ ಅವರ ತಲೆ ಗಂಡನ ಭುಜಕ್ಕೆ ವಾಲಿತು. ಮೂರು ರಾತ್ರಿ ಗಂಡನ ಉಸಿರು ಎಣಿಸುತ್ತ ಎದ್ದಿದ್ದವರು, ಬಾಯಿ ಸ್ವಲ್ಪ ತೆರೆದು, ಸಣ್ಣ ಗೊರಕೆ ಹೊಡೆಯುತ್ತ ನಿದ್ದೆ ಹೋದರು.

ಡಬ್ಬಿಯೊಳಗಿಂದ ಫೋನು ಹೊಡೆದುಕೊಳ್ಳತೊಡಗಿತು. ಬಸ್ಸಿನವರೆಲ್ಲ ತಿರುಗಿ ನೋಡಿದರು. ನಿಂತಿತು, ಮತ್ತೆ ಹೊಡೆದುಕೊಂಡಿತು. ಕಂಡಕ್ಟರ್ ಬಂದು, "ಯಜಮಾನ್ರೆ, ನಿಮ್ಮದೇ ಫೋನು, ಎತ್ರಿ" ಎಂದ.

ಏಕಾಂತಪ್ಪನವರು ಭುಜ ಅಲುಗಿಸದೆ ತಲೆಯನ್ನಷ್ಟೇ ಅವನ ಕಡೆ ತಿರುಗಿಸಿ ಪಿಸುಗುಟ್ಟಿದರು. "ಮೆಲ್ಲಗೆ ಮಾತಾಡಪ್ಪ. ಮಲಗವ್ಳೆ."

ಅದನ್ನು ಎತ್ತುವುದು ಹೇಗೆಂದು ಅವರಿಗೆ ಆಗಿನ್ನೂ ತಿಳಿದಿರಲಿಲ್ಲ ಎಂಬುದೂ ನಿಜ. ಆದರೆ ತಿಳಿದಿದ್ದರೂ ಅವರು ಎತ್ತುತ್ತಿರಲಿಲ್ಲ.